ಪಂಕ್ತಿಯಲ್ಲಿ ದಾಟಿದ ನೋವು

ನೋವನ್ನು ಸಂಗಾತಿಗೆ ದಾಟಿಸುವ ಕೈಪಟ್ಟಿ ಈಗ ಕರುಳಿನ ಕ್ರೋನ್ಸ್ ಕಾಯಿಲೆಯವರಿಗೂ ಸಿಗುತ್ತಿತ್ತು. ಅದಕ್ಕೆ ಎರಡು ಷರತ್ತು: ಕಾಯಿಲೆ ತನ್ನದೆಂದು ಒಪ್ಪಿಕೊಳ್ಳಬೇಕು, ಸಿಗರೇಟು ಬಿಡಬೇಕು. ಒಂದು ದಮ್ಮು ಎಳೆದರೂ ಪಟ್ಟಿ ಕೆಲಸ ನಿಲ್ಲಿಸುತ್ತದೆ. ಎರಡನ್ನೂ ವರ್ಷಗಟ್ಟಲೆ ಮುಂದೂಡಿದ್ದ ಮಂದಾಕಿನಿ, ಅವಳ ಹೊಟ್ಟೆನೋವು ಬರೀ ನಾಟಕವೆಂದು ಗಂಡ ಜಯತೀರ್ಥ ನೆಂಟರೆದುರು ನಕ್ಕ ಮರುದಿನವೇ ಆಸ್ಪತ್ರೆಗೆ ಹೋಗಿ ಪಟ್ಟಿ ಕಟ್ಟಿಸಿಕೊಂಡು ಬಂದಳು.

ನಾದಿನಿಯ ಮಗನ ಮುಂಜಿಯ ಊಟದಲ್ಲಿ ಅವಳ ಕರುಳು ಹಿಂಡತೊಡಗಿತು. ಬಾಯಿ ಇನ್ನೂ ಸಿಗರೇಟು ಬೇಡುತ್ತಿತ್ತು. ಮಂದಾಕಿನಿ ಪಟ್ಟಿಯನ್ನು ಒತ್ತಿದಳು. ಪಕ್ಕದಲ್ಲಿ ಜಯತೀರ್ಥ ಹೊಟ್ಟೆ ಹಿಡಿದುಕೊಂಡು ಬಾಳೆಎಲೆಯ ಮೇಲೆ ಬಾಗಿದ.

“ನಿಲ್ಸೇ ಮಂದಾ! ನಾನೀಗ್ಲೇ ಏಳ್ಬೇಕು.”

“ಹಿರಿಯರ ಊಟ ಮುಗೀದೆ ಪಂಕ್ತಿಯಿಂದ ಹೇಗ್ರೀ ಏಳ್ತೀರಾ?”

ಪಂಕ್ತಿಯ ತುದಿಯಲ್ಲಿ ಹಲ್ಲಿಲ್ಲದ ದೊಡ್ಡಪ್ಪ ಕೊನೆಯ ತುತ್ತು ಕಲಸುತ್ತಿದ್ದರು. ಮಂದಾಕಿನಿ ಬಡಿಸುವವನನ್ನು ಕೈಸನ್ನೆ ಮಾಡಿ ಕರೆದಳು.

“ದೊಡ್ಡಪ್ಪಂಗೆ ಇನ್ನೆರಡು ಹೋಳಿಗೆ ಬಡಿಸಪ್ಪಾ. ನಿಧಾನಕ್ಕೆ ತಿನ್ಲಿ.”