ಪ್ರಾಗಿನಲ್ಲಿ ಅಜ್ಜನಿಗೊಂದು ಗ್ಲಾಸು

ವಿಡಿಯೋ ಕಾಲ್ ಹತ್ತಿದ ಕೂಡಲೇ ಮೋನಪ್ಪನಿಗೆ ಮಗಳ ಮುಖಕ್ಕಿಂತ ಮೊದಲು ಕಂಡದ್ದು ಅವಳ ಹಿಂದೆ ಸಾಲಾಗಿ ಹೊಳೆಯುತ್ತಿದ್ದ ಬಾಟಲಿಗಳು. ಕುವೈತಿನ ಅಬು ಹಲೀಫಾದಲ್ಲಿ ಆಗಲೇ ಕತ್ತಲಾಗಿತ್ತು. ಫೋನಿನೊಳಗಿನ ಪ್ರಾಗ್ ಪಟ್ಟಣದಲ್ಲಿ ಮಾತ್ರ ಬಿಸಿಲು ಇನ್ನೂ, ಎದ್ದು ಹೋಗಲು ಮನಸ್ಸಿಲ್ಲದ ನೆಂಟನ ಹಾಗೆ, ಕಿಟಕಿಯಲ್ಲಿ ಕೂತು ಆ ಬಾಟಲಿಗಳನ್ನೆಲ್ಲ ಜೇನಿನ ಬಣ್ಣಕ್ಕೆ ತಿರುಗಿಸುತ್ತಿತ್ತು.

“ಅದೆಂತದು ಹಿಂದೆ? ಮೆಡಿಕಲ್ ಶಾಪಾ?”

ಅನ್ವಿತಾ ಫೋನನ್ನು ಅತ್ತ ತಿರುಗಿಸಿದಳು, ಇತ್ತ ತಿರುಗಿಸಿದಳು. ಎಲ್ಲ ಕಡೆಯೂ ಬಾಟಲಿಗಳೇ. “ಪಪ್ಪಾ, ಇಟ್ಸ್ ಅ ವಾಕಿಂಗ್ ಟೂರ್. ಐ ಟೋಲ್ಡ್ ಯು.”

“ಎಲ್ಲಿಂದ ಎಲ್ಲಿಗೆ ವಾಕಿಂಗ್?”

ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಸಿಕ್ಕಿಬಿದ್ದಾಗ ಮಾತ್ರ ಮನೆಯ ಮಾತಿಗೆ ಬರುತ್ತಿದ್ದಳು. “ಈ ಬಾರಿಂದ ಇನ್ನೊಂದು ಬಾರಿಗೆ. ಗೈಡ್ ಉಂಟು ಪಪ್ಪಾ. ಗ್ರೂಪ್ ಉಂಟು.”

“ಕೇಳಿತಾ?” ಎಂದಳು ರತ್ನಾವತಿ, ಕೋರಿರೊಟ್ಟಿಯ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತು. “ಅಗೆಲು ಬಡಿಸುವ ದಿನ ನಿಮ್ಮ ಮಗಳು ಬಾರಲ್ಲಿ.”

ಆಟಿ ತಿಂಗಳಲ್ಲಿ ಸತ್ತ ಹಿರಿಯರನ್ನು ಮನೆಗೆ ಕರೆದು ಎಲೆ ಹಾಕಿ ಬಡಿಸುವ ಅಗೆಲನ್ನು ಮೋನಪ್ಪ ಕುವೈತಿಗೆ ಬಂದ ಮೇಲೂ ಒಂದು ವರ್ಷ ತಪ್ಪಿಸಿದವನಲ್ಲ. ಬಡಿಸಿ, ಹಿರಿಯರು ಉಣ್ಣಲೆಂದು ಬಾಗಿಲೆಳೆದು ಹೊರಗೆ ನಿಲ್ಲುವ ಮೊದಲು ಮನೆಯವರೆಲ್ಲ ಕೈಮುಗಿಯಬೇಕು. ರಜೆಯಲ್ಲಿ ತಿರುಗಾಟಕ್ಕೆ ಹೋದ ಮಗಳಿಗೆ ಅದಕ್ಕೇ ಫೋನು. ಹಾಲಿನಲ್ಲಿ ಹಾಸಿದ ಬಾಳೆ ಎಲೆಯ ಮೇಲೆ ಎಲ್ಲವೂ ಇತ್ತು, ಕಳ್ಳು ಒಂದನ್ನು ಬಿಟ್ಟು. ಮದ್ಯವೇ ನಿಷಿದ್ಧವಾದ ಈ ದೇಶದಲ್ಲಿ ಅದನ್ನು ಎಲ್ಲಿಂದ ತರುವುದು? ಪ್ರತಿ ವರ್ಷವೂ ಆ ಜಾಗದಲ್ಲಿ ಮೂಲೆಯಂಗಡಿಯ ಸಿಹಿ ಮಾಲ್ಟ್ ನೀರು. ಅಪ್ಪ ಐತಪ್ಪ ಬಂದು ಅದನ್ನು ಮೂಸಿ ನೋಡಿ, ಒಂದು ಮಾತೂ ಆಡದೆ ಎದ್ದು ಹೋಗುತ್ತಾನೆ ಎಂದು ಮೋನಪ್ಪನಿಗೆ ಒಳಗೊಳಗೇ ಖಾತ್ರಿ. ಇಲ್ಲದಿದ್ದರೆ ಊರಿನ ತಮ್ಮಂದಿರ ಕನಸಿನಲ್ಲೆಲ್ಲ ಬಂದು ದನಕರು ವಿಚಾರಿಸುವ ಅಪ್ಪ, ಇವನ ಕನಸಿಗೆ ಒಂದು ಸಲವಾದರೂ ಬರಬೇಡವೇ?

ಅವನು ಫೋನನ್ನು ಕಣ್ಣಿನ ಹತ್ತಿರ ತಂದ. “ಅಲ್ಲಿ ಕೊಡುವ ಬಿಯರ್ ಅಸಲಿಯಾ, ಇಲ್ಲಿಯ ಹಾಗೆ ಮಾಲ್ಟಾ?”

“ರಿಯಲ್, ಪಪ್ಪಾ.” ದನಿ ಇರುವೆಯಷ್ಟಾಗಿತ್ತು.

“ಹಾಗಾದ್ರೆ ಒಂದು ದೊಡ್ಡ ಗ್ಲಾಸ್ ಹೇಳು. ನಿನಗಲ್ಲ. ಅಜ್ಜನಿಗೆ.”

ಗುಂಪನ್ನು ಬಾತುಕೋಳಿಗಳ ಹಾಗೆ ಬಾರಿನಿಂದ ಬಾರಿಗೆ ಅಟ್ಟಿಕೊಂಡು ಹೋಗುವ ಗೈಡ್ ಹುಡುಗಿ ಮರೀನಾ ವಿಷಯ ಕೇಳಿ ನಗುತ್ತಾಳೆಂದು ಅನ್ವಿತಾ ಅಂದುಕೊಂಡಿದ್ದಳು. ಅವಳು ನಗಲಿಲ್ಲ. ಅಜ್ಜನಿಗೆ ಎಲ್ಲಿ ಕೂತು ಅಭ್ಯಾಸ ಎಂದು ಕೇಳಿದಳು.

“ಗೋಡೆಗೆ ಒರಗಿ,” ಎಂದ ಮೋನಪ್ಪ. “ಮೂಲೆ ಆದ್ರೆ ಮತ್ತೂ ಒಳ್ಳೇದು. ಮತ್ತೆ ಯಾರೂ ಗ್ಲಾಸಿನ ಕಡೆ ನೋಡಬಾರದು, ಹೇಳು ಅವರಿಗೆ. ನೋಡಿದ್ರೆ ಅಜ್ಜ ಮುಟ್ಟುವುದಿಲ್ಲ.”

ಮೂಲೆಯ ಮೇಜಿನ ಮೇಲೆ ನೊರೆ ತುಂಬಿದ ಗ್ಲಾಸು ಬಂದು ಕೂತಿತು. ಮರೀನಾ ಮೆಲ್ಲಗೆ ಚಪ್ಪಾಳೆ ತಟ್ಟಿದಳು. ಯಾವ ಯಾವ ದೇಶದಿಂದಲೋ ಬಂದವರು ಒಬ್ಬೊಬ್ಬರಾಗಿ ಕುರ್ಚಿ ತಿರುಗಿಸಿ ಎದುರು ಗೋಡೆಗೆ ಮುಖ ಮಾಡಿದರು.

ರತ್ನಾವತಿಗೆ ಮಾತ್ರ ಸಮಾಧಾನವಿಲ್ಲ. “ಎಲೆ ಇಲ್ಲಿ, ಗ್ಲಾಸು ಅಲ್ಲಿ. ಮಾವ ಎಲ್ಲಿಗೇಂತ ಹೋಗುವುದು? ಕುಡಿದವರನ್ನು ಅಷ್ಟು ದೂರದಿಂದ ಕರಕೊಂಡು ಬರುವವರು ಯಾರು?”

“ಸತ್ತವರಿಗೆ ವೀಸಾ, ಇಕಾಮಾ ಬೇಡ ಮಾರಾಯ್ತಿ. ಹೋಗಿ ಬರ್ತಾರೆ. ನೀನು ಬಾಗಿಲೆಳಿ.”

ಇಬ್ಬರೂ ಫ್ಲಾಟಿನ ಹೊರಗೆ ಪ್ಯಾಸೇಜಿನಲ್ಲಿ ನಿಂತರು. ಕಿಟಕಿಯಾಚೆ ಸಮುದ್ರವಿರುವ ಕಡೆ ಕತ್ತಲು. ದೂರದ ಹಡಗುಗಳ ದೀಪಗಳು ತೇಲುತ್ತಿದ್ದವೋ, ನಿದ್ದೆ ಮಾಡುತ್ತಿದ್ದವೋ. ಮೋನಪ್ಪ ಫೋನನ್ನು ಎದೆಗೆ ಕವುಚಿ ಹಿಡಿದಿದ್ದ. ಅದರೊಳಗೆ ಆ ಬಾರಿನ ಮೌನ ಇತ್ತು. ಎಲ್ಲೋ ಒಂದು ಟ್ರಾಮು ಹೋದ ಸದ್ದು, ಎಲ್ಲೋ ಒಂದು ಗಂಟೆ. ಕೇಳುತ್ತ ಕೇಳುತ್ತ ಅಲ್ಲಿಯ ಮೌನ ಯಾವುದು, ಇಲ್ಲಿಯದು ಯಾವುದು ಎಂದು ಗೊತ್ತಾಗದೆ ಹೋಯಿತು. ಮುಚ್ಚಿದ ಬಾಗಿಲಿನೊಳಗಿಂದ ಯಾರೋ ಮೆಲ್ಲನೆ ಎದ್ದು, ಅವನ ಎದೆಯ ಮೂಲಕವೇ ಹಾದು, ಆ ಬಿಸಿಲಿನ ಊರಿಗೆ ಇಳಿದು ಹೋದ ಹಾಗಾಯಿತು. ಎ.ಸಿ.ಯ ಗಾಳಿಯೂ ಇರಬಹುದು.

ಹಿರಿಯರಿಗೆ ತಿಳಿಯಲೆಂದು ಬಾಗಿಲು ತಟ್ಟಿ ಒಳಗೆ ಬಂದಾಗ ಎಲೆ ಬಡಿಸಿದ ಹಾಗೇ ಇತ್ತು.

“ಪಪ್ಪಾ,” ಅನ್ವಿತಾಳ ಮುಖ ಬಾಡಿತ್ತು. “ಗ್ಲಾಸ್ ಫುಲ್ ಉಂಟು. ಹಿ ಡಿಡ್ ನಾಟ್ ಕಮ್.”

“ಮರ್ಲಾ ನಿನಗೆ? ಅವರು ಬಾಯಿಯಲ್ಲಿ ಕುಡಿಯುವುದಾ? ಇನ್ನು ಅದು ಪ್ರಸಾದ. ಮನೆಯವರೇ ತಗೊಳ್ಬೇಕು.”

“ಯಾರು?”

“ಅಲ್ಲಿ ಅವರ ಮನೆಯವರು ಬೇರೆ ಯಾರಿದ್ದಾರೆ?”

ಅವಳು ಅಮ್ಮನನ್ನು ನೋಡಿದಳು. ರತ್ನಾವತಿ ಫೋನಿನತ್ತ ಬಗ್ಗಿ, “ಕೂತು ಕುಡಿ. ನಿಂತು ಕುಡಿಯಬಾರದು,” ಎಂದಳು.

ಅನ್ವಿತಾ ಮೂಲೆಯಲ್ಲಿ ಗೋಡೆಗೊರಗಿ ಕೂತು, ಎರಡೂ ಕೈಯಿಂದ ಗ್ಲಾಸೆತ್ತಿ, ಕಣ್ಣು ಮುಚ್ಚಿ ಕುಡಿದಳು. ಕೆಳಗಿಟ್ಟಾಗ ಅವಳ ಮೇಲ್ತುಟಿಯ ಉದ್ದಕ್ಕೂ ದಪ್ಪ ಬಿಳಿ ನೊರೆ ಕೂತಿತ್ತು, ಎರಡೂ ತುದಿ ಸ್ವಲ್ಪ ಕೆಳಗೆ ಬಾಗಿ, ಕೊನೆಕೊನೆಗೆ ಬೆಳ್ಳಗಾಗಿದ್ದ ಐತಪ್ಪನ ಮೀಸೆಯ ಹಾಗೆಯೇ. ಅವಳು ಹುಟ್ಟುವ ಮೊದಲೇ ಹೋದವನು ಅವನು. ಒರೆಸಿಕೊಳ್ಳುವುದು ಅವಳಿಗೆ ನೆನಪಾಗಲಿಲ್ಲ.

“ಪಪ್ಪಾ? ಸೇ ಸಮ್‌ಥಿಂಗ್.”

ಮೋನಪ್ಪ ಫೋನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಮಂಡಿಯ ಮೇಲೆ ಎತ್ತಿ ಕಟ್ಟಿದ್ದ ಪಂಚೆಯನ್ನು, ಅಪ್ಪ ಅಂಗಳಕ್ಕೆ ಕಾಲಿಟ್ಟಾಗಲೆಲ್ಲ ತಾನು ಗೌರವಕ್ಕೆ ಇಳಿಸುತ್ತಿದ್ದ ಹಾಗೆ, ಮೆಲ್ಲನೆ ಬಿಚ್ಚಿ ಪಾದದವರೆಗೆ ಇಳಿಸಿದ.