ಧೂಳಿನ ಒಗ್ಗರಣೆ

ಧೂಮಕೇತುವಿನ ಧೂಳು ನೌಕೆಯ ಕಿಟಕಿಯ ತುಂಬ ಹಾಲಿನಂತೆ ಹರಡಿತ್ತು. ಅದರೊಳಗೆ ಹೋಗುವ ಮುನ್ನ, ಭೂಮಿಯ ಕಡೆಗಿರುವ ಆಂಟೆನಾದ ದೊಡ್ಡ ತಟ್ಟೆಯನ್ನು ಮುಂದಕ್ಕೆ ತಿರುಗಿಸಿ ಗುರಾಣಿ ಮಾಡಿಕೊಳ್ಳಬೇಕು. ಆಮೇಲೆ ವರ್ಷಗಟ್ಟಲೆ ಯಾರ ಮಾತೂ ಕೇಳಿಸುವುದಿಲ್ಲ. ಧೂಮಕೇತುವನ್ನು ಗಮನಿಸಲು ಒಬ್ಬರೇ ಬರುವ ವೀಕ್ಷಕರೆಲ್ಲ ಹಾಗೇ ಮಾಡುತ್ತಾರೆ. ಭಾಮಿನಿ ಮಾತ್ರ ತಡಮಾಡುತ್ತಿದ್ದಳು. ಹೇಳದೆ ಹೊರಟುಬಂದಿದ್ದಕ್ಕೆ ಮುನಿಸಿಕೊಂಡಿದ್ದ ತಂಗಿಯನ್ನು, 'ವಾಪಸು ಬಂದ್ಮೇಲೆ ನಿನ್ನ ಮನೆಗೆ ಬರ್ಲಾ?' ಎಂದು ಬೆಳಿಗ್ಗೆ ಕೇಳಿ ಉತ್ತರಕ್ಕೆ ಕಾಯುತ್ತಿದ್ದಳು.

ಕೊನೆಗೂ ಶಾರಿಯ ದನಿ ಬಂತು.

"ಹೋಗುವಾಗ ಕೇಳ್ಲಿಲ್ಲ, ಬರೋಕೆ ಮಾತ್ರ ನನ್ನ ಕೇಳ್ತೀಯೇನೇ ಅಕ್ಕಾ? ಇಲ್ಲಿ ನೋಡು... ಅಯ್ಯೋ, ಇರು, ಒಗ್ಗರಣೆ ಸೀಯ್ತಿದೆ!"

ಹೆಜ್ಜೆ ಸದ್ದು ದೂರವಾಯಿತು. ಸಾಸಿವೆ ಚಟಪಟ ಸಿಡಿಯುವುದಷ್ಟೇ ಕೇಳುತ್ತಿತ್ತು.

"ಬೇಗ ಬಾರೇ," ಎಂದಳು ಭಾಮಿನಿ, ಆ ಮಾತು ಅಲ್ಲಿಗೆ ತಲುಪಲು ಗಂಟೆಗಳೇ ಬೇಕೆಂದು ಗೊತ್ತಿದ್ದೂ.

ಎಚ್ಚರಿಕೆಯ ದೀಪ ಕೆಂಪಾಯಿತು. ಇನ್ನು ಕಾಯುವಂತಿರಲಿಲ್ಲ. ಅವಳು ತಟ್ಟೆಯನ್ನು ತಿರುಗಿಸಿದಳು. ತಂಗಿಯ ಅಡುಗೆಮನೆ ಮೌನವಾಯಿತು.

ಸ್ವಲ್ಪ ಹೊತ್ತಿನಲ್ಲೇ ಮೊದಲ ಧೂಳು ತಟ್ಟೆಗೆ ಬಡಿಯತೊಡಗಿತು. ಚಟ್, ಚಟಪಟ, ಚಟ್. ಭಾಮಿನಿ ನೌಕೆಯ ಗೋಡೆಗೆ ಕಿವಿಯಿಟ್ಟು ಕುಳಿತಳು.

"ನಿಧಾನವಾಗಿ ಮುಗಿಸ್ಕೊಂಡು ಬಾ ಶಾರಿ. ನಾನು ಇಲ್ಲೇ ಇರ್ತೀನಿ."