ಮಾವನೂರಿನ ಬಾಂಡಾ

ಮಧ್ಯ ಆಫ್ರಿಕಾದ ಬಾಂಡಾ ಜನರ ನುಡಿ ಊರಿಗೊಂದು ಬಗೆ. ಹೆಣ್ಣು ಕೇಳಲು ಹೊಳೆಯಾಚೆಗೆ ಹೊರಟಿದ್ದ ಯಕೆತೆಗೆ ಗೆಳೆಯ ಕೊಸ್ಸಿ ತಿಂಗಳಿಡೀ ಪಾಠ ಹೇಳಿದ್ದ: “ಅವರೂರಲ್ಲಿ ‘ಸ’ ಅನ್ನೋದೇ ಇಲ್ಲ ಕಣೋ. ಎಲ್ಲಾ ‘ಥ’.”

ಅಂಗಳದ ತುಂಬ ನೆಂಟರು. ಯಕೆತೆ ಹುಡುಗಿಯ ತಂದೆಗೆ ತಲೆಬಾಗಿದ. “ಥುಖವೇ ಮಾವ? ಥಂಥಾರ ಹೇಗಿದೆ?”

ಹೆಂಗಸರು ಬಾಯಿ ಮುಚ್ಚಿಕೊಂಡು ನಕ್ಕರು.

“ಯಾರೋ ಇದನ್ನ ಕಲಿಥಿದ್ದು?” ಎಂದ ಮುದುಕನ ಬಾಯಲ್ಲಿ ಮುಂದಿನ ಹಲ್ಲು ಒಂದೂ ಇರಲಿಲ್ಲ.

ಯಕೆತೆ ತಿರುಗಿದ. ಜೊತೆಗೆ ಬಂದಿದ್ದ ಕೊಸ್ಸಿ ಆ ಹುಡುಗಿಯ ಪಕ್ಕದಲ್ಲೇ ನಿಂತು ಹಲ್ಲು ಕಿರಿಯುತ್ತಿದ್ದ. ಅವನಿಗೂ ಅವಳೇ ಬೇಕಿತ್ತೆಂದು ಈಗ ಅರ್ಥವಾಯಿತು.

“ನಿಮ್ಮೂರ ನುಡಿ ಅಂತ ನಂಬಿ ಕಲಿತೆ, ಮಾವ.” ಎಂದ ಯಕೆತೆ, ಮುದುಕನತ್ತ ತಿರುಗಿ.

ಮುದುಕ ಎಲ್ಲರಿಗಿಂತ ಜೋರಾಗಿ ನಕ್ಕುಬಿಟ್ಟ. “ಇಷ್ಟು ದಿವಥ ಈ ನುಡಿ ಆಡೋನು ನಾನೊಬ್ನೇ ಇದ್ದೆ! ಮಗಳು ನಿಂಗೇ. ಥಾಕಾ?”